ತಗಡಿನ ಶೀಟಿನಡಿ ಪ್ರಕೃತಿಯ ಮಡಿಲು

ಬೆಂಗಳೂರಿನ ಜನಜಂಗುಳಿಯಿಂದ ತಪ್ಪಿಸಿಕೊಳ್ಳೋಕೆ ಈಗ ಒಂದೇ ದಾರಿ. ಶುಕ್ರವಾರ ರಾತ್ರಿ ಟಿಟಿ (ಟೆಂಪೋ ಟ್ರಾವೆಲರ್) ಹತ್ತಿ, ಆ ಜನಜಂಗುಳಿಯ ಜೊತೆಗೇ ಹೊರಟುಬಿಡುವುದು. ನೆಲಮಂಗಲದ ಜಾಮ್‌ನಲ್ಲಿ ಹಿಂದೆ ಮುಂದೆ ನಿಂತ ಗಾಡಿಗಳೆಲ್ಲ ಬೆಳಗಿನ ಜಾವ ಕಳಸದಲ್ಲಿ ಇಡ್ಲಿ ತಿನ್ನೋಕೂ ಹಿಂದೆ ಮುಂದೆಯೇ ನಿಂತಿರುತ್ತವೆ. ಎಷ್ಟು ಅನ್ಯೋನ್ಯತೆ ಅಂತೀರಿ!

ನಾವು ಗೆಳೆಯರೂ ಕುದುರೆಮುಖಕ್ಕೆ ಚಾರಣಕ್ಕೆ ಅಂತ ಹಾಗೇ ಹೋಗಿದ್ದೆವು. ಜಾಹೀರಾತಿನಲ್ಲಿ 'ಕ್ಯಾಂಪಿಂಗ್, ನಕ್ಷತ್ರಗಳ ಕೆಳಗೊಂದು ರಾತ್ರಿ' ಅಂತ ಇತ್ತು. ಈಗ ನೋಡಿ, ಅದು ರಾಷ್ಟ್ರೀಯ ಉದ್ಯಾನ, ಬೆಟ್ಟದ ಮೇಲೆ ಟೆಂಟ್ ಹಾಕೋ ಹಾಗಿಲ್ಲ. ತಿಂಗಳು ಬೇರೆ ಜೂನ್. ಮಲೆನಾಡಿನ ಜೂನ್‌ನಲ್ಲಿ ನಕ್ಷತ್ರ ಕಾಣುತ್ತೆ ಅಂದವನಿಗೆ ಒಂದು ನಮಸ್ಕಾರ. ಹಾಗಾಗಿ ಹೋಂಸ್ಟೇಯವರು ಅಡಿಕೆ ಒಣಗಿಸುವ ಅಂಗಳಕ್ಕೆ ತಗಡಿನ ಶೀಟು ಹೊದಿಸಿ, ಅದರ ಕೆಳಗೆ ಸಾಲಾಗಿ ಟೆಂಟ್ ಕಟ್ಟಿದ್ದರು. ಮಳೆಯಿಂದ ನಮ್ಮನ್ನು ಕಾಯೋಕೆ ಟೆಂಟು, ಮಳೆಯಿಂದ ಟೆಂಟನ್ನು ಕಾಯೋಕೆ ಶೀಟು. ಹಾಗಾದ್ರೆ ಟೆಂಟ್ ಯಾಕೆ ಅಂತ ಕೇಳಬಾರದು, ಪ್ಯಾಕೇಜಿನಲ್ಲಿದೆ. ಟೆಂಟಿನಿಂದ ಬಚ್ಚಲುಮನೆಗೆ ಹತ್ತು ಹೆಜ್ಜೆ. ಗೀಸರ್ ಉಂಟು, ವೈಫೈಯೂ ಉಂಟು, ಪಾಸ್‌ವರ್ಡ್ ಅಡುಗೆಮನೆ ಬಾಗಿಲಿಗೆ ಅಂಟಿಸಿದ್ದರು. ಮನೆಯವರು ಒಳಗೆ ಮಂಚದ ಮೇಲೆ ಕಂಬಳಿ ಹೊದ್ದು ಬೆಚ್ಚಗೆ ಮಲಗಿದರು. ನಾವು ದುಡ್ಡು ಕೊಟ್ಟು ಅವರ ಅಂಗಳದಲ್ಲಿ ಮಲಗಿದೆವು. ರಾತ್ರಿಯಿಡೀ ಶೀಟಿನ ಮೇಲೆ ಮಳೆ ಬಡಿದ ಸದ್ದಿಗೆ ಪಕ್ಕದ ಟೆಂಟಿನವನ ಗೊರಕೆ ಕೇಳಲಿಲ್ಲ, ಅದೊಂದೇ ಪುಣ್ಯ.

ಮಲಗೋಕೆ ಮುಂಚೆ ಕ್ಯಾಂಪ್‌ಫೈರ್ ಇತ್ತು. ಒದ್ದೆ ಸೌದೆಗೆ ಡೀಸೆಲ್ ಸುರಿದು ಹತ್ತಿಸಿದ ಬೆಂಕಿ, ಬಂದದ್ದು ಬರೀ ಹೊಗೆ. ಅದರ ಸುತ್ತ ಕೂರಿಸಿ ಟ್ರೆಕ್ ಲೀಡರ್ ಹುಡುಗ (ಇಂಜಿನಿಯರಿಂಗ್ ಮೂರನೇ ಸೆಮಿಸ್ಟರ್, ಎರಡು ಬ್ಯಾಕ್) ಎಲ್ಲರನ್ನೂ ಕೇಳಿದ: ಹೆಸರು, ಕಂಪನಿ, ಯಾಕೆ ಬಂದಿರಿ. ಒಬ್ಬರಾದ ಮೇಲೊಬ್ಬರು ಕೆಮ್ಮುತ್ತಾ 'ನೆಮ್ಮದಿಗೆ' ಅಂದರು. ಆಮೇಲೆ ಬ್ಲೂಟೂತ್ ಸ್ಪೀಕರ್ ಬಂತು, ನೆಮ್ಮದಿ ಎದ್ದು ಗದ್ದೆಯಾಚೆ ಹೋಯಿತು.

ಬೆಳಿಗ್ಗೆ ಜೀಪಿನಲ್ಲಿ, ಚಾರಣ ಶುರುವಾಗುವ ಮುಳ್ಳೋಡಿಗೆ. ಆ ರಸ್ತೆಯಲ್ಲಿ ಜೀಪು ನಮ್ಮನ್ನು ಒಯ್ಯುವುದಿಲ್ಲ, ಕುಲುಕುತ್ತದೆ. ಡ್ರೈವರ್ ಒಂದೇ ಒಂದು ಮಾತು ಕೇಳಿದ: "ಬೆಂಗ್ಳೂರಲ್ಲಿ ಯಾರಾದ್ರೂ ಉಳ್ದಿದಾರಾ ಮಾರಾಯ್ರೆ?" ಮುಂದೆ ಬ್ಯಾಗ್ ತಪಾಸಣೆ. ನಮ್ಮವನೊಬ್ಬನ ಬ್ಯಾಗಿನಿಂದ ಹೊರಬಂದ ಚಿಪ್ಸ್ ಪೊಟ್ಟಣ, ಚಿಕ್ಕಿ, ಒಆರ್‌ಎಸ್, ಸನ್‌ಸ್ಕ್ರೀನ್ (ಜೂನ್‌ನಲ್ಲಿ!) ಎಲ್ಲವನ್ನೂ ಗಾರ್ಡ್ ಒಂದೊಂದಾಗಿ ಎಣಿಸಿ ಪುಸ್ತಕದಲ್ಲಿ ಬರೆದುಕೊಂಡರು. ಮದುವೆಮನೆಯ ಮುಯ್ಯಿ ಲೆಕ್ಕವೂ ಅಷ್ಟು ಶ್ರದ್ಧೆಯಿಂದ ಬರೆದದ್ದು ನಾನು ನೋಡಿಲ್ಲ. ತಪ್ಪು ಅವರದ್ದಲ್ಲ ಬಿಡಿ. ಓದಿದವರು ತಿಂದ ಪೊಟ್ಟಣ ಜೇಬಿಗೆ ಹಾಕಿಕೊಳ್ಳಲಿ ಅಂತ ಸರ್ಕಾರ ಸಂಬಳ ಕೊಟ್ಟು ಕಾಯಬೇಕಾಗಿದೆಯಲ್ಲ, ತಮಾಷೆ ಇರೋದು ಅಲ್ಲಿ.

ಹೋಗಿ ಬರೋದು ಸುಮಾರು 20 ಕಿ.ಮೀ. ದಾರಿಯಲ್ಲಿ ಶೋಲಾ ಕಾಡು, ತೊರೆ, ಹುಲ್ಲುಗಾವಲು, ಎಲ್ಲಾ ಚೆನ್ನಾಗಿದೆ. ಚೆನ್ನಾಗಿದೆ ಅಂತ ಮುಂದಿನವರ ರೇನ್‌ಕೋಟಿನ ಸಂದಿಯಿಂದ ಕಂಡಷ್ಟರಲ್ಲೇ ಹೇಳುತ್ತಿದ್ದೇನೆ. ಒಂಟಿಮರದ ಹತ್ತಿರ ಕ್ಯೂ. ಮರದ ಕೆಳಗೆ ಒಬ್ಬರೇ ನಿಂತು, ದೂರ ನೋಡುತ್ತಾ, ಜಗತ್ತಿನಲ್ಲಿ ತಾನೊಬ್ಬನೇ ಅನ್ನೋ ಹಾಗೆ ಫೋಟೋ ತೆಗೆಸಿಕೊಳ್ಳೋಕೆ ನಲವತ್ತು ಜನ ಸಾಲುಗಟ್ಟಿ ನಿಂತಿದ್ದರು. "ಬ್ರೋ, ಬೇಗ ಮುಗಿಸಿ" ಅಂತ ಹಿಂದಿನಿಂದ ಕೂಗು. ತುದಿಗೆ ಹೋದರೆ ಮಂಜು, ನಮ್ಮ ಕಾಲೇ ನಮಗೆ ಕಾಣಿಸದು. ಅದನ್ನೂ ಬಿಡದೆ ಫೋಟೋ ತೆಗೆದರು. ನಮ್ಮನ್ನು ಮನಸಾರೆ ಬರಮಾಡಿಕೊಂಡದ್ದು ರಕ್ತ ಹೀರೋ ಇಂಬಳ (ಜಿಗಣೆ) ಮಾತ್ರ, ಅದಕ್ಕೆ ಆನ್‌ಲೈನ್ ಬುಕಿಂಗ್ ಬೇಕಿಲ್ಲ.

ಬುಕಿಂಗ್ ಅಂದಾಗ ನೆನಪಾಯಿತು. 2024ರ ಜನವರಿಯಲ್ಲಿ ಗಣರಾಜ್ಯೋತ್ಸವ ಶುಕ್ರವಾರ ಬಂತು. ಸಾಲು ರಜೆ ಅಂತ ಸಾವಿರಾರು ಜನ ಕುಮಾರಪರ್ವತಕ್ಕೆ ಮುಗಿಬಿದ್ದರು. ಆ ಸಾಲಿನ ವಿಡಿಯೋ ನೋಡಿ ರಾಜ್ಯವೇ ಬಾಯಿ ಬಿಟ್ಟಿತು. ಅರಣ್ಯ ಸಚಿವರು ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣ ನಿಲ್ಲಿಸಿ ಅಂದರು. ಆಮೇಲೆ ಅದೇ ವರ್ಷ ಅಕ್ಟೋಬರ್‌ನಲ್ಲಿ 'ಅರಣ್ಯ ವಿಹಾರ' ಜಾಲತಾಣ ಬಂತು, ಒಂದು ದಾರಿಗೆ ದಿನಕ್ಕೆ 300 ಜನ ಅಂತ ಮಿತಿಯೂ ಬಂತು. ಒಳ್ಳೆಯದೇ ಆಯಿತು. ಈಗ ಬೆಟ್ಟ ಹತ್ತೋದು ಸುಲಭ, ವೀಕೆಂಡ್ ಟಿಕೆಟ್ ಗಿಟ್ಟಿಸೋದೇ ನಿಜವಾದ ಏರು. ಓಟಿಪಿಗೆ ಕಾದು ಕೂತವನ ಎದೆಬಡಿತ ಕುಮಾರಪರ್ವತದ ಕಡಿದಾದ ಏರಿನಲ್ಲೂ ಇರೋಲ್ಲ.

ಆದರೆ ನಮ್ಮವರ ಹಟ ಮಿತಿಗೆಲ್ಲ ಬಗ್ಗುವಂಥದ್ದಲ್ಲ. ವಾಪಸ್ ಬರುವಾಗ, ಸೋಮವಾರ ನಸುಕಿನಲ್ಲಿ, ಗೊರಗುಂಟೆಪಾಳ್ಯದ ಜಾಮ್‌ನಲ್ಲಿ ಕೂತು ಕಾಲಿನ ರಕ್ತ ಒರೆಸಿಕೊಳ್ಳುತ್ತಾ ಗೆಳೆಯ ಫೋನ್ ತೋರಿಸಿದ.

"ಮುಂದಿನ ಸಲ ಇಲ್ಲಿಗೆ ಹೋಗೋಣ ಮಗಾ. ಒಂದು ನರಪಿಳ್ಳೆಯೂ ಇರಲ್ವಂತೆ."

ನೋಡಿದೆ. ಯಾರಿಗೂ ಗೊತ್ತಿಲ್ಲದ ಆ ಜಾಗದ ರೀಲ್ ಆಗಲೇ ಹನ್ನೆರಡು ಲಕ್ಷ ಜನ ನೋಡಿಯಾಗಿತ್ತು.