ಸೂರ್ಯ ಏನು ತಪ್ಪು ಮಾಡಿದ್ದ?

ಬೆಳಿಗ್ಗೆ ಮೊಬೈಲ್ ತೆರೆದರೆ ಗೆಳೆಯರ ಗ್ರೂಪಿನಲ್ಲಿ ಒಂದು ಫೋಟೊ. ಬಳ್ಳಾರಿ ಕೋಟೆ ಗುಡ್ಡದ ಮೇಲಿಂದ ತೆಗೆದ ಮುಳುಗೋ ಸೂರ್ಯ. ಚೆನ್ನಾಗೇ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಕೆಳಗಿನ ಸಾಲು ಓದಿ ಚಹಾ ಕಹಿಯಾಯಿತು: 'ನನ್ನ ಕ್ಯಾಮೆರಾದಲ್ಲಿ ಸೆರೆಯಾದ ಸೂರ್ಯ'. ಅಲ್ಲಪ್ಪಾ, ಏನು ಸೆರೆ? ನೀನು ಗುಂಡಿ ಒತ್ತಿದೆ, ಅವನು ತನ್ನ ಪಾಡಿಗೆ ಮುಳುಗಿದ, ಬೆಳಿಗ್ಗೆ ಎದ್ದು ಬಂದು ಮತ್ತೆ ನಮ್ಮ ನೆತ್ತಿ ಸುಡುತ್ತಿದ್ದಾನೆ. ಬಳ್ಳಾರಿ ಸೂರ್ಯನನ್ನು ನಿಜವಾಗಿ ಸೆರೆ ಹಿಡಿಯೋರು ಯಾರಾದರೂ ಇದ್ದರೆ ಏಪ್ರಿಲ್‌ನಲ್ಲಿ ಬರಲಿ, ಹಾರ ನಾನೇ ತರುತ್ತೇನೆ.

ಪೇಪರಿನವರೂ ಅಷ್ಟೇ. ಕಳ್ಳ ಸೆರೆ, ಚಿರತೆ ಸೆರೆ, ಸಿಸಿ ಕ್ಯಾಮೆರಾದಲ್ಲಿ ದೃಶ್ಯ ಸೆರೆ. ಬಾಯಲ್ಲಿ ಮಾತ್ರ ಯಾರೂ ಹಾಗನ್ನುವುದಿಲ್ಲ. 'ಅವನು ಒಳಗಿದ್ದಾನೆ' ಅಂದರೆ ಮುಗೀತು. ಯಾವುದರ ಒಳಗೆ ಅಂತ ಕೇಳೋರಿಲ್ಲ, ನಮ್ಮೂರಲ್ಲಂತೂ ಇಲ್ಲವೇ ಇಲ್ಲ.

ಕೊಪ್ಪಳದ ಕಡೆಯ ನಮ್ಮ ದೊಡ್ಡಪ್ಪ ಕಣ್ಣಿನ ಆಪರೇಷನ್ ಆಗಿ ನಮ್ಮನೆಯಲ್ಲಿದ್ದಾಗ ದಿನಾ ಅವರಿಗೆ ಪೇಪರ್ ಓದಿ ಹೇಳುತ್ತಿದ್ದೆ. ಒಂದು ದಿನ 'ಕೊನೆಗೂ ಚಿರತೆ ಸೆರೆ' ಅಂತ ಓದಿದೆ. ಅವರ ಕಡೆ ಸೆರೆ ಅಂದರೆ ಕುಡಿಯೋದು.

"ಚಿರತೀಗೆ ಸೆರೆ ಕುಡಿಸ್ಯಾರೇನು?"

"ಇಲ್ಲ ದೊಡ್ಡಪ್ಪ, ಬೋನಿಟ್ಟು ಹಿಡಿದಿದ್ದಾರೆ."

"ಬೋನಿನ್ಯಾಗ ನಾಯಿ ಕಟ್ತಾರ, ಕುರಿ ಕಟ್ತಾರ, ಗೊತ್ತೈತಿ. ಸೆರೆ ಯಾಕ ಇಟ್ರು? ಯಾರ ರೊಕ್ಕ ಅದು?"

ಎಷ್ಟು ಬಿಡಿಸಿ ಹೇಳಿದರೂ ಕೇಳಲಿಲ್ಲ. 2007ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿದ್ದು ಅವರಿಗೆ ಇನ್ನೂ ಆರದ ಗಾಯ. "ಮನಷ್ಯಾರಿಗೆ ಬಂದ್ ಮಾಡಿ ಚಿರತೀಗೆ ಕೊಡ್ತಾರ, ನೋಡು ಸರ್ಕಾರ!" ಅಂತ ಕೂಗಿದ್ದೇ ಕೂಗಿದ್ದು, ಕುತ್ತಿಗೆಯ ಸೆರೆ ಉಬ್ಬಿತು. ಅದೂ ಸೆರೆಯೇ, ಏನು ಮಾಡೋದು. ಕಣ್ಣಿಗೆ ಹೊಲಿಗೆ ಇದೆ ಕೂಗಬೇಡಿ ಅಂತ ನನ್ನ ಹೆಂಡತಿ ಬಂದು ಪೇಪರ್ ಕಿತ್ತುಕೊಂಡಳು, ಬೈಸಿಕೊಂಡಿದ್ದು ನಾನು. ಸಂಜೆ ಬಂದ ಪಕ್ಕದ ಮನೆಯವರಿಗೂ ಅವರು ಅದನ್ನೇ ಹೇಳಿದರು. ಅಷ್ಟರಲ್ಲಿ ಚಿರತೆ ಎರಡು ಬಾಟಲಿ ಕುಡಿದಿತ್ತು.

ಕೈದು ಅನ್ನೋಣ ಅಂದರೆ ಅದರದ್ದೂ ಗೋಳು. ಅರಬ್ಬಿಯಿಂದ ಬಂದ ಕೈದು ಬಂಧನ, ಹಳಗನ್ನಡದ ಕೈದು ಆಯುಧ. ಯಾವುದು ಯಾರ ಕೈಯಲ್ಲಿ ಅಂತ ನೋಡಿಕೊಂಡು ಮಾತಾಡಬೇಕು.

ಸರಿ, ಆ ಫೋಟೊಗೆ ವಾಪಸ್ ಬರುತ್ತೇನೆ, ಸಿಟ್ಟು ಇನ್ನೂ ಇಳಿದಿಲ್ಲ. ಆ ಹುಡುಗ ನಿಂತಿದ್ದ ಕೋಟೆಯಲ್ಲೇ ಕರ್ನೂಲಿನ ಮುಜಫರ್ ಖಾನ್ ಇದ್ದ. ನವಾಬನಾಗಬೇಕಿದ್ದವನು ಹೆಂಡತಿಯನ್ನು ಕೊಂದ, ಕಂಪನಿಯವರು ತಂದು ಇಲ್ಲಿಟ್ಟರು. 1823ರಿಂದ 1864ರವರೆಗೆ. ನಲವತ್ತೊಂದು ವರ್ಷ ಅದೇ ಬಂಡೆ, ಅದೇ ಬಿಸಿಲು. ಪಾಪ ಅನ್ನಲಾರೆ, ಆ ಹೆಂಗಸಿನ ಹೆಸರೂ ನಮ್ಮ ಬಾಯಲ್ಲಿ ಉಳಿದಿಲ್ಲ. ಆದರೆ ಸೆರೆ ಅಂದರೆ ಅದು ಮಾರಾಯ. ದಿನಾ ಸಂಜೆ ಅವನು ಸೂರ್ಯ ಮುಳುಗೋದನ್ನು ನೋಡಿರಬೇಕು, ಫೋಟೊ ಬೇರೆ ಕೇಡು.

ಇದನ್ನೆಲ್ಲ ಗ್ರೂಪಿನಲ್ಲಿ ಬರೆಯೋಣ ಅಂತ ಕೂತೆ, ಮೊದಲು ಫೋನಿನಲ್ಲಿ ದೊಡ್ಡಪ್ಪನಿಗೆ ಹೇಳಿದೆ. ನವಾಬ, ಕೊಲೆ, ನಲವತ್ತೊಂದು ವರ್ಷ, ಎಲ್ಲ ಸುಮ್ನೆ ಕೇಳಿದರು. ಕೊನೆಗೆ ಒಂದೇ ಪ್ರಶ್ನೆ:

"ಅಷ್ಟು ವರ್ಷ ಒಳಗ ಅವಂಗ ಸೆರೆ ಸಿಗ್ತಿತ್ತೇನು?"