ಅಮ್ಮನ ಎದೆಯೊಳಗಿದ್ದ ತಂತಿ

ಅಮ್ಮನ ಎಡಗಡೆ ಕಾಲರ್ ಬೋನ್ ಕೆಳಗೆ ಬೆಂಕಿಪೊಟ್ಟಣದಷ್ಟು ಉಬ್ಬಿತ್ತು. ಬ್ಯಾಗಿನ ಪಟ್ಟಿ ತಾಗಿದರೆ ಮುಖ ಹಿಂಡುತ್ತಿದ್ದಳು. ಹೃದಯಕ್ಕೆ ತಾಳ ಕೊಡುವ ಪೇಸ್‌ಮೇಕರ್ ಹಾಕಿಸಿದ ಮೇಲೆ ತಲೆ ತಿರುಗಿ ಬೀಳುವುದು ನಿಂತಿತ್ತಲ್ಲ, ಆ ಉಬ್ಬಿನ ಬಗ್ಗೆ ಯಾರೂ ಯೋಚಿಸಲಿಲ್ಲ. ಆರನೇ ವರ್ಷ ಅದರ ಮೇಲಿನ ಚರ್ಮ ತೆಳುವಾಗಿ ಕೆಂಪಾಯಿತು. ಮೊದಲು ತೋರಿಸಿದ ಕಡೆ ಮುಲಾಮು ಬರೆದು ಕಳಿಸಿದರು. ಸೋಂಕು ಅಂತ ಗೊತ್ತಾಗುವಷ್ಟರಲ್ಲಿ ಮೂರು ವಾರ ಕಳೆದಿತ್ತು.

ಪೇಸ್‌ಮೇಕರನ್ನೇ ತೆಗೆಯಬೇಕಾಯಿತು. ಚರ್ಮದಡಿಯ ಡಬ್ಬಿ ತೆಗೆಯುವುದು ಕಷ್ಟವಲ್ಲ. ಕಷ್ಟ ಇರುವುದು ಲೀಡ್‌ನಲ್ಲಿ, ಅಂದರೆ ಡಬ್ಬಿಯಿಂದ ರಕ್ತನಾಳದೊಳಗೆ ಇಳಿದು ಹೃದಯದ ಗೋಡೆ ಮುಟ್ಟುವ ತಂತಿಯಲ್ಲಿ. ವರ್ಷಗಳು ಕಳೆದಂತೆ ದೇಹ ಅದರ ಸುತ್ತ ಗಾಯದ ಕಲೆಯಂಥ ಗಟ್ಟಿ ಪದರ ಬೆಳೆಸಿ ಅಂಟಿಸಿಕೊಳ್ಳುತ್ತದೆ. ಬಿಡಿಸುವಾಗ ರಕ್ತನಾಳವೇ ಹರಿಯಬಹುದು. ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ, ಅಷ್ಟೂ ಸಲ ತಂತಿ ಬಾಗುತ್ತದೆ. 1958ರಲ್ಲಿ ಸ್ವೀಡನ್ನಿನ ಆರ್ನೆ ಲಾರ್ಸನ್ ಅವರ ದೇಹದೊಳಗೆ ಮೊದಲ ಪೇಸ್‌ಮೇಕರ್ ಇಟ್ಟಾಗಿನಿಂದ ಡಬ್ಬಿ ಚಿಕ್ಕದಾಗುತ್ತಲೇ ಬಂತು, ತಂತಿ ಮಾತ್ರ ಬಿಡಲಿಲ್ಲ.

ಅದಕ್ಕೇ ಲೀಡ್‌ಲೆಸ್ ಪೇಸ್‌ಮೇಕರ್ ಬಗ್ಗೆ 'ಎಷ್ಟು ಪುಟ್ಟದು ನೋಡಿ' ಅಂತ ಹೊಗಳುವಾಗ ನನಗೆ ಸಮಾಧಾನವಾಗುವುದಿಲ್ಲ. ಅದರ ದೊಡ್ಡ ಗುಣ ತಂತಿ ಇಲ್ಲದಿರುವುದು. ಔಷಧ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸಂಸ್ಥೆ ಎಫ್‌ಡಿಎ 2016ರಲ್ಲಿ ಒಪ್ಪಿದ ಮೈಕ್ರಾ ಎಂಬ ಇಂಥ ಪೇಸ್‌ಮೇಕರ್ ಸುಮಾರು 26 ಮಿಲಿಮೀಟರ್ ಉದ್ದ, 2 ಗ್ರಾಂ ತೂಕ. ಬ್ಯಾಟರಿಯೂ ಒಳಗೇ. ತೊಡೆಸಂದಿಯ ರಕ್ತನಾಳದಲ್ಲಿ ಕೊಳವೆ ತೂರಿಸಿ ಬಲ ಹೃತ್ಕುಕ್ಷಿಗೆ, ಅಂದರೆ ಹೃದಯದ ಬಲಗಡೆಯ ಕೆಳಗಿನ ಕೋಣೆಗೆ, ಒಯ್ದು ಬಿಡುತ್ತಾರೆ. ನಾಲ್ಕು ಸಣ್ಣ ಕೊಕ್ಕೆಗಳು ಸ್ನಾಯುವನ್ನು ಹಿಡಿದುಕೊಳ್ಳುತ್ತವೆ. ಸೋಂಕು ಪೂರ್ತಿ ಇಳಿದ ಮೇಲೆ ಅಮ್ಮನಿಗೂ ಅಂಥದ್ದನ್ನೇ ಹಾಕಿದರು. ಎಚ್ಚರವಾದಾಗ ಎದೆ ಸವರಿಕೊಂಡು "ಎಲ್ಲಿಟ್ಟಿದ್ದಾರೋ?" ಅಂತ ಕೇಳಿದ್ದಳು.

ಎಲ್ಲರೂ ಇದನ್ನೇ ಹಾಕಿಸಿಕೊಳ್ಳಿ ಅಂತ ನಾನು ಹೇಳಲಾರೆ. ಅಮ್ಮನಿಗಿದ್ದದ್ದು ಏಟ್ರಿಯಲ್ ಫಿಬ್ರಿಲೇಶನ್. ಮೇಲಿನ ಕೋಣೆ ಸದಾ ಅದುರುತ್ತಿದ್ದುದರಿಂದ ಕೆಳಗಿನ ಕೋಣೆಗೆ ತಾಳ ಕೊಟ್ಟರೆ ಸಾಕಿತ್ತು. ಎರಡೂ ಕೋಣೆಗಳ ಹೊಂದಾಣಿಕೆ ಬೇಕಾದವರಿಗೆ ಅದು ಸಾಲದು. ಅಂಥವರಿಗಾಗಿ 2023ರಲ್ಲಿ ಒಪ್ಪಿಗೆ ಸಿಕ್ಕ ಅವೇರ್ ಡಿಆರ್ ಎಂಬ ಲೀಡ್‌ಲೆಸ್ ಪೇಸ್‌ಮೇಕರ್‌ನಲ್ಲಿ ಎರಡು ಪುಟ್ಟ ಸಾಧನಗಳು ಪ್ರತಿ ಬಡಿತಕ್ಕೂ ಪರಸ್ಪರ ಸಂಕೇತ ಕಳಿಸುತ್ತವೆ. ಲೀಡ್‌ಲೆಸ್ ಹಾಕುವಾಗ ಅಪರೂಪಕ್ಕೆ ಹೃದಯದ ಗೋಡೆ ತೂತಾಗುವುದೂ ಉಂಟು. ಮೂವತ್ತರ ಹರೆಯದವರಾದರೆ ಬ್ಯಾಟರಿ ಮುಗಿದಾಗ ಹಳೆಯದನ್ನು ತೆಗೆಯುತ್ತಾರೋ, ಒಳಗೇ ಬಿಟ್ಟು ಪಕ್ಕದಲ್ಲಿ ಹೊಸದನ್ನು ಇಡುತ್ತಾರೋ ಅನ್ನುವುದು ಸಣ್ಣ ಪ್ರಶ್ನೆಯೇನಲ್ಲ.

ನನ್ನ ಸಿಟ್ಟು ಒಂದೇ: ಮೊದಲ ಸಲ ಸಹಿ ಹಾಕಿಸಿಕೊಳ್ಳುವಾಗ ಬ್ಯಾಟರಿ ಎಷ್ಟು ವರ್ಷ ಬರುತ್ತದೆ ಅಂತ ಹೇಳಿದರು, ತಂತಿಯ ಮಾತೇ ಎತ್ತಲಿಲ್ಲ. ಯಾವ ಕೋಣೆಗೆ, ಯಾವ ಬಗೆಯದು, ಮುಂದೊಂದು ದಿನ ತೆಗೆಯಬೇಕಾದರೆ ಹೇಗೆ ಅಂತ ನೀವೇ ಕೇಳಿ, ಸಂಕೋಚಪಡಬೇಡಿ. ಮನೆಯಲ್ಲಿ ಈಗಾಗಲೇ ತಂತಿಯ ಪೇಸ್‌ಮೇಕರ್ ಇರುವವರಿದ್ದರೆ ಉಬ್ಬಿನ ಮೇಲಿನ ಚರ್ಮ ನೋಡುತ್ತಿರಿ. ಕೆಂಪಾದರೆ, ಬಿಸಿ ಅನ್ನಿಸಿದರೆ, ನೀರೊಸರಿದರೆ ಮುಲಾಮು ಹಚ್ಚಿ ಕಾಯಬೇಡಿ. ಅವತ್ತೇ ಹೃದಯದ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.