ರವಿಕೆಗೆ ಇರುವ ಅಳತೆ ಬ್ರಾಕ್ಕೆ ಯಾಕಿಲ್ಲ?

ಕಳೆದ ಶನಿವಾರ ಅಮ್ಮನನ್ನು ಕರಕೊಂಡು ಕಾಸರಗೋಡು ಪೇಟೆಗೆ ಹೋದದ್ದು ಬ್ರಾ ತರಲಿಕ್ಕೆ. ಈ ವಾಕ್ಯ ಬರೆದು ಎರಡು ಸಲ ಅಳಿಸಿದ್ದೇನೆ. ಸೀರೆ ತರಲಿಕ್ಕೆ ಹೋದದ್ದಾದರೆ ಅಳಿಸುತ್ತಿರಲಿಲ್ಲ. ನಮ್ಮದು ಸಪ್ತಭಾಷೆಗಳ ನಾಡು ಅಂತ ಮೈಕ್ ಸಿಕ್ಕಿದಲ್ಲೆಲ್ಲ ಹೇಳಿಕೊಳ್ಳುತ್ತೇವೆ. ಆ ಏಳರಲ್ಲಿ ಒಂದರಲ್ಲೂ ಈ ಬಟ್ಟೆಯ ಹೆಸರನ್ನು ಗಟ್ಟಿಯಾಗಿ ಹೇಳುವುದಿಲ್ಲ. ಅಮ್ಮನ ಕಾಲದವರಿಗೆ ಅದು "ಬಾಡಿ". ಅಂಗಡಿ ಮೆಟ್ಟಿಲು ಹತ್ತಿದ ಮೇಲೆ ಅದೂ ಹೋಗಿ ಬರೇ "ಒಳಗಿನದ್ದು".

ಅಮ್ಮನಿಗೆ ಈಗ ಎಪ್ಪತ್ತಮೂರು. ಎರಡೂ ಹೆಗಲಿನಲ್ಲಿ ಬ್ರಾದ ಪಟ್ಟಿ ಕೂತು ಕೂತು ಗುಳಿ ಬಿದ್ದಿದೆ, ಕಪ್ಪಾಗಿದೆ. ನಾವು ಅದನ್ನು ಪ್ರಾಯದ ಲೆಕ್ಕಕ್ಕೆ ಹಾಕಿ ಕೊಟ್ಟಂಚುಕ್ಕಾದಿ ತೈಲ ತಿಕ್ಕುತ್ತಾ ಇದ್ದೆವು.

ಎಲ್ಲ ಅಂಗಡಿಗಳ ಹಾಗೆ ಇಲ್ಲಿಯೂ ಹೆಂಗಸರ ಒಳಉಡುಪು ಮೇಲಿನ ಮಾಳಿಗೆಯ ಹಿಂದಿನ ಮೂಲೆಯಲ್ಲಿ. ಗಂಡಸರ ಬನಿಯನ್, ಚಡ್ಡಿ ಮಾತ್ರ ಕೆಳಗೆ ಬಾಗಿಲ ಹತ್ತಿರವೇ ನೇತಾಡುತ್ತಿರುತ್ತವೆ. ಅಮ್ಮ ಬಸ್ಸಿನಲ್ಲಿ ಟಿಕೆಟ್ ಕೇಳುವ ಹಾಗೆ "ಮೂವತ್ತೆಂಟು ಕೊಡಿ" ಅಂದರು. ಕೌಂಟರಿನ ಹುಡುಗಿ ಪೆಟ್ಟಿಗೆ ತೆಗೆಯಲಿಲ್ಲ. "ಮೂವತ್ತೆಂಟು ಅಂತ ಯಾರು ಹೇಳಿದ್ದು ಅಮ್ಮಾ?" ಅಂತ ಕೇಳಿದಳು.

ಯಾರೂ ಹೇಳಿದ್ದಲ್ಲ. ಮದುವೆಯಾದಾಗ ಮೂವತ್ತನಾಲ್ಕು, ನಾನು ಹುಟ್ಟಿದ ಮೇಲೆ ಮೂವತ್ತಾರು, ತಮ್ಮ ಹುಟ್ಟಿದ ಮೇಲೆ ಮೂವತ್ತೆಂಟು. ಬಿಗಿ ಅನಿಸಿದಾಗೆಲ್ಲ ನಂಬರ್ ಏರಿಸಿದ್ದು. ನನ್ನ ಕಥೆಯೂ ಬೇರೆ ಅಲ್ಲ.

ಹುಡುಗಿ ಅಮ್ಮನನ್ನು ಪರದೆಯ ಹಿಂದೆ ಕರಕೊಂಡು ಹೋಗಿ ಟೇಪ್ ಹಿಡಿದಳು. ಹೊರಗೆ ಬಂದು ನನಗೆ ಮಲಯಾಳದಲ್ಲಿ ಹೇಳಿದ್ದು: "ಚೇಚೀ, ಅಮ್ಮಕ್ಕ್ ಬ್ಯಾಂಡ್ ಚೆರುದ್ ಮದಿ, ಕಪ್ಪ್ ವಲುದ್ ವೇಣಂ." ಅಕ್ಕಾ, ಅಮ್ಮನಿಗೆ ಬ್ಯಾಂಡ್, ಅಂದರೆ ಎದೆಯ ಕೆಳಗೆ ಸುತ್ತು ಬರುವ ಪಟ್ಟಿ, ಸಣ್ಣದು ಸಾಕು, ಕಪ್ ದೊಡ್ಡದು ಬೇಕು. ಇಷ್ಟು ದಿವಸ ಹಾಕುತ್ತಿದ್ದ 38ಬಿ ಅಲ್ಲ, 36ಸಿ.

ನಂಬರ್ ಎದೆಯ ಕೆಳಗಿನ ಸುತ್ತಿಗೆ ಸಂಬಂಧಪಟ್ಟದ್ದು, ಅಕ್ಷರ ಎದೆಯದ್ದು. ಬ್ಯಾಂಡಿಗೂ ಎದೆಯ ತುಂಬು ಸುತ್ತಿಗೂ ಇಂಚಿನ ವ್ಯತ್ಯಾಸ ಒಂದಾದರೆ ಎ, ಎರಡಾದರೆ ಬಿ, ಮೂರಕ್ಕೆ ಸಿ, ನಾಲ್ಕಕ್ಕೆ ಡಿ. ಕೆಲವು ಕಂಪೆನಿಯವರು ಕೆಳಗಿನ ಸುತ್ತಿಗೆ ನಾಲ್ಕೋ ಐದೋ ಇಂಚು ಕೂಡಿಸಿ ನಂಬರ್ ಮಾಡುತ್ತಾರೆ, ಹಾಗಾಗಿ ಪೆಟ್ಟಿಗೆಯ ಮೇಲಿನ ಅಳತೆಯ ಪಟ್ಟಿಯನ್ನೂ ನೋಡಬೇಕು. ಬ್ಯಾಂಡ್ ಒಂದು ಸೈಜು ಇಳಿದರೆ ಅಕ್ಷರ ಒಂದು ಏರಬೇಕು, ಆಗ 38ಬಿ, 36ಸಿ, 34ಡಿ ಮೂರರಲ್ಲೂ ಕಪ್ಪಿನ ಗಾತ್ರ ಹೆಚ್ಚುಕಡಿಮೆ ಒಂದೇ. ಅಂದರೆ ಅಮ್ಮನಿಗೆ ಕಪ್ ಸರಿಯಾಗಿಯೇ ಸಿಗುತ್ತಿತ್ತು, ಬ್ಯಾಂಡ್ ಸಡಿಲ. ಭಾರ ಹೊರಬೇಕಾದದ್ದು ಬ್ಯಾಂಡ್. ಅದು ಸಡಿಲವಾಗಿ ಬೆನ್ನಿನಲ್ಲಿ ಮೇಲಕ್ಕೆ ಏರಿದಾಗ ನಾವು ಹೆಗಲ ಪಟ್ಟಿ ಎಳೆದು ಬಿಗಿ ಮಾಡುತ್ತೇವೆ, ಭಾರ ಅಷ್ಟೂ ಹೆಗಲಿಗೆ. ಮೂವತ್ತು ವರ್ಷದ ತೈಲದ ಖರ್ಚು ನೆನಪಾಯಿತು.

ಇನ್ನೊಂದನ್ನೂ ಆ ಹುಡುಗಿಯೇ ಕಲಿಸಿದ್ದು. ಹೊಸ ಬ್ರಾವನ್ನು ತುದಿಯ ಹುಕ್ಕಿಗೆ, ಅಂದರೆ ಅತಿ ಸಡಿಲದ ಸಾಲಿಗೆ ಹಾಕಿ ನೋಡಬೇಕು. ಇಲಾಸ್ಟಿಕ್ ಎಳೆದು ಬಂದ ಹಾಗೆ ಒಳಗಿನ ಸಾಲಿಗೆ ಹೋಗಲಿಕ್ಕಾಗಿ ಆ ಮೂರು ಸಾಲು. ನಾನು ಇಷ್ಟು ವರ್ಷ ಅದನ್ನು ದಪ್ಪ ಆದವರಿಗೆ ಬಿಟ್ಟ ಜಾಗ ಅಂದುಕೊಂಡಿದ್ದೆ.

ನನಗೆ ಅರ್ಥವಾಗದ್ದು ಇದು. ರವಿಕೆ ಹೊಲಿಸಲಿಕ್ಕೆ ಹೋದರೆ ಟೇಲರ್ ಎದೆ, ಸೊಂಟ, ತೋಳು, ಕಂಕುಳು ಎಲ್ಲ ಅಳೆದು ಪುಸ್ತಕದಲ್ಲಿ ಬರೆದಿಡುತ್ತಾನೆ. ಬದಿಯಡ್ಕದಲ್ಲಿ ನಮ್ಮ ಟೇಲರ್ ಗಂಡಸೇ. ಕಾಲು ಇಂಚು ಹೆಚ್ಚಾದರೆ ಅಲ್ಲೇ ನಿಂತು ಜಗಳ ಮಾಡುವ ನಾವು, ಅದರ ಒಳಗಿನ ಬಟ್ಟೆಗೆ ಮಾತ್ರ ತೋರಿಸಿದ್ದನ್ನು ಎತ್ತಿಕೊಂಡು, ಪೇಪರಿನಲ್ಲಿ ಸುತ್ತಿಸಿ, ಕಪ್ಪು ಕವರಿನಲ್ಲಿ ಹಾಕಿಸಿಕೊಂಡು ಓಡುತ್ತೇವೆ. ಅಡಕೆ ಮಾರುವಾಗ ಕೇಳುವ ಪ್ರಶ್ನೆಯ ಕಾಲುಭಾಗವನ್ನಾದರೂ ಇಲ್ಲಿ ಕೇಳಬಾರದಾ?

ಅಂಗಡಿಯವರನ್ನೇ ಬೈದು ಮುಗಿಸುವ ಹಾಗೂ ಇಲ್ಲ. ಬನಿಯನ್ನಿಗೆ ಐದಾರು ಸೈಜು ಇಟ್ಟರೆ ವ್ಯಾಪಾರ ನಡೆಯುತ್ತದೆ. ಬ್ರಾಕ್ಕೆ ಐದು ಬ್ಯಾಂಡ್, ನಾಲ್ಕು ಕಪ್, ಮೂರು ಬಣ್ಣ ಅಂದರೆ ಒಂದೇ ಮಾಡೆಲಿಗೆ ಅರುವತ್ತು ಬಗೆ. ಅಷ್ಟಕ್ಕೂ ದುಡ್ಡು ಹಾಕಿ, ಸಿ, ಡಿ ಕೇಳುವವರೇ ಇಲ್ಲದಿದ್ದರೆ ಪೆಟ್ಟಿಗೆಗೆ ಧೂಳು. ಹಾಗಾಗಿ ಹೆಚ್ಚಾಗಿ ಬಿಯನ್ನೇ ತರಿಸುತ್ತಾರೆ. ಬಿಯೇ ಸಿಗುವ ಕಾರಣ ನಾವು ನಂಬರ್ ಏರಿಸುತ್ತೇವೆ. ಹುಡುಗಿಗೆ ಎಷ್ಟು ಗೊತ್ತಿದ್ದರೇನು, ಅಮ್ಮನ ಅಳತೆಯದ್ದು ಅಂಗಡಿಯಲ್ಲಿ ಇದ್ದದ್ದು ಒಂದೇ, ಗಾಢ ಮೆರೂನ್. ಅಮ್ಮ ಮುಖ ಹುಳಿ ಮಾಡಿಕೊಂಡು ಅದನ್ನೇ ತಗೊಂಡರು.

ಅವಳು ಅಳತೆ ಹಿಡಿದು, ಏಣಿ ಹತ್ತಿ ಇಳಿದು ಪೆಟ್ಟಿಗೆ ಹುಡುಕುವುದನ್ನು ನೋಡುತ್ತಾ, ಕೂರಲಿಕ್ಕೆ ಕುರ್ಚಿ ಇಲ್ಲವಾ ಅಂತ ಕೇಳಿದೆ. ಕೇರಳದಲ್ಲಿ 2018ರಲ್ಲೇ ಅಂಗಡಿ ಕಾಯ್ದೆ ತಿದ್ದಿ ಕೆಲಸದವರಿಗೆ ಆಸನ ಇಡಲೇಬೇಕು ಅಂತ ಆಗಿದೆಯಲ್ಲ. ಕಲ್ಲಿಕೋಟೆಯ ಮಿಠಾಯಿ ತೆರುವಿನಲ್ಲಿ ದುಡಿಯುವ ಹೆಂಗಸರು, ವಿಜಿ ಎಂಬವರ ಮುಂದಾಳ್ತನದಲ್ಲಿ ಪೆಣ್‌ಕೂಟ್ಟ್ (ಹೆಣ್ಣುಕೂಟ) ಎಂಬ ಸಂಘಟನೆ ಕಟ್ಟಿಕೊಂಡು, ಮೊದಲು ಶೌಚಾಲಯ ಕೇಳಿ, ಆಮೇಲೆ ಕೂರುವ ಹಕ್ಕು ಕೇಳಿ ವರ್ಷಗಟ್ಟಲೆ ಹೋರಾಡಿದ್ದರ ಫಲ ಅದು. ತಮಿಳುನಾಡಿನವರು 2021ರಲ್ಲಿ ಮಾಡಿದರು. ಹುಡುಗಿ ನಕ್ಕಳು. "ಉಂಟು ಚೇಚಿ, ಅದರ ಮೇಲೆ ಸ್ಟಾಕ್ ಇಟ್ಟಿದ್ದಾರೆ."

ವಾಪಸಿನ ವಿಷಯ. ಹೋದ ವರ್ಷ ಬೇರೊಂದು ಅಂಗಡಿಯಿಂದ ತಂದ ಬ್ರಾದ ಹುಕ್ ಮೊದಲ ಒಗೆತಕ್ಕೇ ಕಿತ್ತು ಬಂತು. ತಗೊಂಡು ಹೋದರೆ ಗೋಡೆಯ ಬೋರ್ಡ್ ತೋರಿಸಿದರು: ಒಳಉಡುಪು ವಾಪಸಿಲ್ಲ. ಸೈಜು ತಪ್ಪಿ ತಂದದ್ದಕ್ಕೆ, ಹಾಕಿ ಬಿಚ್ಚಿದ್ದಕ್ಕೆ ಹಾಗೆ ಹೇಳಿದರೆ ನ್ಯಾಯ, ಇನ್ನೊಬ್ಬರು ಹಾಕುವ ಬಟ್ಟೆ. ಆದರೆ ದೋಷ ಇರುವ ಮಾಲು ಬೇರೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ದೋಷದ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹಾಕದಿದ್ದರೆ 30 ದಿವಸದೊಳಗೆ, ವಾಪಸು ತಗೊಳ್ಳಲು ಒಪ್ಪದಿದ್ದರೆ ಅದು ಅನುಚಿತ ವ್ಯಾಪಾರ. ಇಷ್ಟು ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ. ಕ್ಯಾಶಿನ ಹತ್ತಿರ ಇಬ್ಬರು ಗಂಡಸರು ನಿಂತಿದ್ದರು, ನನ್ನ ಕೈಯಲ್ಲಿ ಬ್ರಾ ಇತ್ತು. ಆ ಬೋರ್ಡ್ ನಿಂತಿರುವುದೇ ನನ್ನಂಥವರ ನಾಚಿಕೆಯ ಮೇಲೆ.

ಮೆರೂನ್ ಬ್ರಾ ಹಾಕಿದ ಮೂರನೇ ದಿವಸ ಅಮ್ಮ ಹೇಳಿದರು, ಹೆಗಲು ಹಗುರ ಆದ ಹಾಗೆ ಉಂಟು ಅಂತ. ಗುಳಿ ಹೋಗಲಿಕ್ಕಿಲ್ಲ. ಒಗೆದದ್ದನ್ನು ಮಾತ್ರ ಎಂದಿನ ಹಾಗೆ ಜಗಲಿಯ ಹಗ್ಗದಲ್ಲಿ ಬೈರಾಸಿನ (ಟವೆಲಿನ) ಅಡಿಗೆ ಅಡಗಿಸಿ ಹಾಕಿದ್ದರು. ಈ ಆಟಿ ತಿಂಗಳ ಮಳೆಗೆ ಅಲ್ಲಿ ಅದು ಒಣಗುವುದುಂಟಾ? ಒದ್ದೆ ಹಾಕಿಕೊಂಡೇ ತುರಿಕೆ ಶುರುವಾಗುವುದು. ಬಚ್ಚಲ ಒಲೆಯ ಮೇಲೆ ಹಾಕಿದರೆ ಇಲಾಸ್ಟಿಕ್ ಹಾಳು. ಬೈರಾಸು ತೆಗೆದು ಪಕ್ಕಕ್ಕೆ ಹಾಕಿದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಪುನಃ ಮೇಲೆ ಬಂದಿತ್ತು.

"ಆಟಿ ಕಳೆಯಲಿ, ಬಿಸಿಲು ಬಂದ ಮೇಲೆ ನೋಡುವ" ಅಂದರು ಅಮ್ಮ.